ಮೊಬೈಲಿನ ಗುಂಪಿನಲ್ಲಿ ಮನೆಯ ಉತ್ಪನ್ನ ಮಾರುವುದು ಹೇಗೆ?

ಬೆಳೆ ತೆಗೆಯುವುದು ಒಂದು ವಿದ್ಯೆ, ಅದನ್ನು ಮಾರುವುದು ಇನ್ನೊಂದು ವಿದ್ಯೆ. ಮೊದಲನೆಯದು ನಮಗೆ ಹಿರಿಯರಿಂದ ಬಂದಿದೆ. ಎರಡನೆಯದರಲ್ಲಿ ನಾವು ಇಂದಿಗೂ ಹಿಂದೆಯೇ ಇದ್ದೇವೆ. ಅಡಿಕೆ, ಕಾಳುಮೆಣಸು, ತೆಂಗಿನಕಾಯಿಯನ್ನು ಅಂಗಡಿಗೋ ಸೊಸೈಟಿಗೋ ಕೊಂಡುಹೋಗಿ ಕೊಟ್ಟರೆ ಆ ದಿನದ ಕ್ರಯ ಸಿಗುತ್ತದೆ, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಆದರೆ ಮನೆಯಲ್ಲಿ ತಯಾರಿಸಿದ ಹಲಸಿನ ಹಪ್ಪಳ, ಜೇನು, ಅರಸಿನ ಹುಡಿ, ಬಾಳೆಕಾಯಿ ಹುಡಿ, ಪುನರ್ಪುಳಿ ಶರಬತ್ತು ಇವುಗಳಿಗೆ ಅಂತಹ ಸಿದ್ಧ ಮಾರುಕಟ್ಟೆ ಇಲ್ಲ. ಗಿರಾಕಿಯನ್ನು ನಾವೇ ಹುಡುಕಬೇಕು.

ಈಗ ಹೆಚ್ಚಿನ ಮನೆಗಳಲ್ಲಿ ಮೊಬೈಲು ಇದೆ. ಕೃಷಿಕರ ಗುಂಪು, ಅಡುಗೆಯ ಗುಂಪು, ಊರವರ ಗುಂಪು, ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪು ಎಂದು ವಾಟ್ಸಾಪ್, ಫೇಸ್‌ಬುಕ್‌ಗಳಲ್ಲಿ ಒಬ್ಬೊಬ್ಬರು ಹತ್ತಾರು ಗುಂಪುಗಳಿಗೆ ಸೇರಿದ್ದಾರೆ. ವಾಟ್ಸಾಪಿನ ಒಂದೇ ಗುಂಪಿನಲ್ಲಿ 1024 ಮಂದಿ ಇರಬಹುದು. ಇಷ್ಟು ಜನ ಒಂದೇ ಕಡೆ ಸಿಗುವಾಗ ಮಾರಾಟ ಸುಲಭವೆಂದು ತೋರುವುದು ಸಹಜ. ನಮ್ಮ ಯುವಕರು ಹಪ್ಪಳದ ಕಟ್ಟಿನ ಫೋಟೋ ತೆಗೆದು, ಕ್ರಯ ಬರೆದು, ಹತ್ತು ಗುಂಪುಗಳಿಗೆ ಹಾಕುತ್ತಾರೆ. ಒಂದು ವಾರ ಕಳೆದರೂ ಯಾರೂ ಕೇಳುವುದಿಲ್ಲ. ಕೆಲವು ಗುಂಪುಗಳಿಂದ ಅಡ್ಮಿನ್ ಅವರನ್ನು ಹೊರಗೆ ಹಾಕುತ್ತಾರೆ. “ಇದೆಲ್ಲ ನಮಗೆ ಹೇಳಿದ್ದಲ್ಲ” ಎಂದು ಅವರು ಕೈಬಿಡುತ್ತಾರೆ. ತಪ್ಪು ಎಲ್ಲಿ ಆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಗುಂಪು ಎಂದರೆ ಸಂತೆಯಲ್ಲ

ಸಂತೆಗೆ ಬರುವವನು ಕೊಳ್ಳಲಿಕ್ಕೆಂದೇ ಬರುತ್ತಾನೆ. ಅಲ್ಲಿ ಕೂಗಿ ಮಾರಿದರೆ ತಪ್ಪಿಲ್ಲ. ಗುಂಪು ಹಾಗಲ್ಲ. ಅದು ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತು ನಾಲ್ಕು ಜನ ಮಾತನಾಡಿದ ಹಾಗೆ, ಅಥವಾ ಬೆಳಿಗ್ಗೆ ಹಾಲಿನ ಸೊಸೈಟಿಯ ಜಗಲಿಯ ಹಾಗೆ. ಅಲ್ಲಿ ಒಬ್ಬರು ಕೊಳೆರೋಗದ ಬಗ್ಗೆ ಕೇಳುತ್ತಾರೆ, ಇನ್ನೊಬ್ಬರು ತಮ್ಮ ಅನುಭವ ಹೇಳುತ್ತಾರೆ. ಅಂತಹ ಜಾಗಕ್ಕೆ ಒಬ್ಬನು ಹೆಡಿಗೆ ಹೊತ್ತು ಬಂದು, ಯಾರ ಮಾತನ್ನೂ ಕೇಳದೆ, “ಹಪ್ಪಳ ಬೇಕೇ ಹಪ್ಪಳ” ಎಂದು ಕೂಗಿ ಹೋದರೆ ನಮಗೆ ಹೇಗನಿಸುತ್ತದೆ? ಗುಂಪಿನಲ್ಲಿ ಬರೇ ಜಾಹೀರಾತು ಹಾಕುವವರ ಬಗ್ಗೆಯೂ ಜನರಿಗೆ ಹಾಗೆಯೇ ಅನಿಸುತ್ತದೆ.

ಅದೇ ಜಗಲಿಯಲ್ಲಿ ದಿನಾಲೂ ಬರುವ, ಕೇಳಿದ್ದಕ್ಕೆ ಸರಿಯಾದ ಉತ್ತರ ಹೇಳುವ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಒಳ್ಳೆಯ ಜೇನು ಇದೆ ಎಂದು ಗೊತ್ತಾದರೆ, ಅವರು ಬಾಯಿಬಿಟ್ಟು ಮಾರದಿದ್ದರೂ ನಾಲ್ಕು ಜನ ಮನೆಗೆ ಹುಡುಕಿಕೊಂಡು ಹೋಗುತ್ತಾರೆ. ಮೊದಲು ಮನುಷ್ಯನ ಮೇಲೆ ನಂಬಿಕೆ, ಅನಂತರ ಅವನ ವಸ್ತುವಿನ ಮೇಲೆ ನಂಬಿಕೆ. ಮೊಬೈಲು ಬಂದ ಮಾತ್ರಕ್ಕೆ ಈ ಕ್ರಮ ಬದಲಾಗಿಲ್ಲ.

ಬಾಳೆಕಾಯಿ ಹುಡಿಯ ಪಾಠ

ಇದಕ್ಕೆ ನಮ್ಮ ಕರಾವಳಿಯಲ್ಲಿಯೇ ಒಂದು ಒಳ್ಳೆಯ ಉದಾಹರಣೆ ಇದೆ. 2021ರಲ್ಲಿ ಕೊರೊನಾದ ಎರಡನೆಯ ಅಲೆಯ ಸಮಯ. ಪೇಟೆ ಮುಚ್ಚಿತ್ತು. ಅಡಿಕೆ ತೋಟದ ನಡುವೆ ಬೆಳೆದ ಬಾಳೆಗೊನೆಗಳಿಗೆ ಕೇಳುವವರಿರಲಿಲ್ಲ. ಆಗ, ಕಾಸರಗೋಡು ಜಿಲ್ಲೆಯವರೇ ಆದ ಪತ್ರಕರ್ತ ಶ್ರೀ ಪಡ್ರೆಯವರು ಮತ್ತು ‘ಅಡಿಕೆ ಪತ್ರಿಕೆ’ಯ ಬಳಗದವರು ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡುವ ವಿಚಾರವನ್ನು ಕೃಷಿಕರ ಮುಂದಿಟ್ಟರು. ‘ಬಾಳೆಕಾಯಿ ಹುಡಿ’ ಎಂಬುದನ್ನು ಚಿಕ್ಕದು ಮಾಡಿ ‘ಬಾಕಾಹು’ ಎಂದು ಹೆಸರಿಟ್ಟರು. ವಸ್ತು ಹೊಸದೇನಲ್ಲ. ಕೇರಳದಲ್ಲಿ ಕುನ್ನನ್ ಬಾಳೆಯ ಕಾಯಿಯನ್ನು ಒಣಗಿಸಿ, ಹುಡಿ ಮಾಡಿ, ಮಕ್ಕಳಿಗೆ ಕಾಯಿಸಿ ಕೊಡುವ ರೂಢಿ ಹಿಂದಿನಿಂದಲೂ ಇದೆ. ಆದರೆ ಅದರಿಂದ ದೋಸೆ, ರೊಟ್ಟಿ, ಸಿಹಿತಿಂಡಿ ಮಾಡಬಹುದೆಂಬುದು ಹೆಚ್ಚಿನವರಿಗೆ ಹೊಸತಾಗಿತ್ತು.

ಈ ಸುದ್ದಿ ಹಬ್ಬಿದ್ದು ವಾಟ್ಸಾಪ್ ಮುಂತಾದ ಗುಂಪುಗಳ ಮೂಲಕ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಗೃಹಿಣಿಯರು ಮನೆಯಲ್ಲಿ ಹುಡಿ ಮಾಡಿದರು, ಅದರಿಂದ ದೋಸೆ ಮಾಡಿದರು, ಗುಲಾಬ್ ಜಾಮೂನು ಮಾಡಿದರು, ಅದರ ಫೋಟೋ ಹಾಕಿದರು. ನೋಡಿದವರು ಬೇಡಿಕೆ ಇಟ್ಟರು. ಆ ವರ್ಷದ ಜುಲೈ 25ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ‘ಮನ್ ಕಿ ಬಾತ್’ ಬಾನುಲಿ ಕಾರ್ಯಕ್ರಮದಲ್ಲಿ ಈ ಎರಡು ಜಿಲ್ಲೆಗಳ ಮಹಿಳೆಯರ ಪ್ರಯತ್ನವನ್ನು ಹೆಸರಿಸಿ ಹೇಳಿದರು. ಹೆಚ್ಚು ಜನರಿಗೆ ತಿಳಿದ ಹಾಗೆ ಹುಡಿಗೆ ಬೇಡಿಕೆಯೂ ಅವರ ಆದಾಯವೂ ಹೆಚ್ಚಿತು ಎಂಬುದು ಆ ಮಾತಿನ ಸಾರ.

ಇಲ್ಲಿ ಗಮನಿಸಬೇಕಾದ ಅಂಶ ಒಂದು. “ನನ್ನಲ್ಲಿ ಹುಡಿ ಇದೆ, ತೆಗೆದುಕೊಳ್ಳಿ” ಎಂಬಲ್ಲಿಂದ ಇದು ಬೆಳೆಯಲಿಲ್ಲ. “ಇವತ್ತು ನಾನು ಹೀಗೆ ಮಾಡಿ ನೋಡಿದೆ” ಎಂಬಲ್ಲಿಂದ ಬೆಳೆಯಿತು. ಮೊದಲನೆಯದು ಜಾಹೀರಾತು, ಎರಡನೆಯದು ಅನುಭವ. ಅನುಭವಕ್ಕೆ ಜನ ಕಿವಿ ಕೊಡುತ್ತಾರೆ.

ವಿಧಾನ ಹೇಳಿಕೊಟ್ಟರೆ ನಷ್ಟವೇ?

“ಮಾಡುವ ಕ್ರಮವನ್ನೆಲ್ಲ ಹೇಳಿಬಿಟ್ಟರೆ ಮತ್ತೆ ನಮ್ಮಿಂದ ಯಾರು ಕೊಳ್ಳುತ್ತಾರೆ?” ಎಂದು ಕೆಲವರು ಕೇಳುವುದುಂಟು. ಬಾಳೆಕಾಯಿ ಹುಡಿಯನ್ನೇ ನೋಡಿ. ಬಲಿತ, ಹಣ್ಣಾಗದ ಕಾಯಿಯ ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ನೀರಿನಲ್ಲೋ ಗಂಜಿ ತಿಳಿಯಲ್ಲೋ ಸ್ವಲ್ಪ ಹೊತ್ತು ಹಾಕಿ, ನೀರು ಬಸಿದು, ಬಿಸಿಲಿನಲ್ಲಿ ಅಥವಾ ಡ್ರಯರಿನಲ್ಲಿ ಒಣಗಿಸಬೇಕು. ಕೈಯಲ್ಲಿ ಮುರಿದರೆ ಟಕ್ಕೆಂದು ಮುರಿಯಬೇಕು. ಅನಂತರ ಹುಡಿ ಮಾಡಿ, ಜರಡಿ ಹಿಡಿದು, ಗಾಳಿ ಆಡದ ಡಬ್ಬಿಯಲ್ಲಿ ತುಂಬಬೇಕು. ಸಿಪ್ಪೆ ಹೋಗಿ, ನೀರು ಆರಿ, ಒಂದು ಕಿಲೋ ಹುಡಿಯಾಗಲು ಸುಮಾರು ನಾಲ್ಕರಿಂದ ಐದು ಕಿಲೋ ಕಾಯಿ ಬೇಕು.

ಇಷ್ಟು ಓದಿದ ನೂರು ಜನರಲ್ಲಿ ಮಾಡಲು ಹೊರಡುವವರು ಕೆಲವರೇ. ಪೇಟೆಯ ಚಿಕ್ಕ ಮನೆಯಲ್ಲಿ ಅಂಗಳವಿಲ್ಲ, ಹೊತ್ತಿಲ್ಲ, ಕಾಯಿ ಇಲ್ಲ. ಅವರಿಗೆ ಹುಡಿ ಬೇಕೆಂದಾಗ ಮೊದಲು ನೆನಪಾಗುವುದು ವಿಧಾನ ತಿಳಿಸಿದವರ ಹೆಸರು. ಜೊತೆಗೆ, ಮಾಡುವ ಶ್ರಮ ತಿಳಿದವನು ಕ್ರಯದ ಬಗ್ಗೆ ಹೆಚ್ಚು ಚರ್ಚೆ ಮಾಡುವುದಿಲ್ಲ.

ಕೃಷಿಕರು ತಮಗೆ ತಿಳಿದದ್ದನ್ನು ಇತರ ಕೃಷಿಕರಿಗೆ ಹೇಳಿದರೆ ಇಬ್ಬರಿಗೂ ಲಾಭ ಎಂಬುದು ಮೊಬೈಲಿಗಿಂತ ಹಳೆಯ ಮಾತು. 1988ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಹೊರಟದ್ದೇ ಕೃಷಿಕರ ಕೈಗೆ ಲೇಖನಿ ಕೊಡಬೇಕೆಂಬ ಉದ್ದೇಶದಿಂದ. ಅಂದು ಕಾಗದದಲ್ಲಿ ಆದದ್ದು ಇಂದು ಗುಂಪುಗಳಲ್ಲಿ ಆಗುತ್ತಿದೆ.

ಗುಂಪಿನಲ್ಲಿ ನಡೆದುಕೊಳ್ಳುವ ಕ್ರಮ

1. ಹತ್ತಾರು ಗುಂಪು ಬೇಡ. ನಿಮ್ಮ ವಸ್ತುವಿಗೆ ಸಂಬಂಧಪಟ್ಟ ಎರಡು ಮೂರು ಗುಂಪು ಸಾಕು. ಜೇನು ಮಾರುವವರಿಗೆ ಜೇನು ಸಾಕುವವರ ಗುಂಪಿಗಿಂತ ಅಡುಗೆ, ಆರೋಗ್ಯದ ವಿಚಾರ ಮಾತನಾಡುವ ಪೇಟೆಯವರ ಗುಂಪು ಹೆಚ್ಚು ಉಪಯೋಗ. ಜೇನುಪೆಟ್ಟಿಗೆ ಮಾರುವವರಿಗೆ ಇದು ತಿರುಗಾಮುರುಗ.

2. ಸೇರಿದ ಕೂಡಲೇ ಮಾರಲು ಹೊರಡಬೇಡಿ. ಎರಡು ವಾರ ಸುಮ್ಮನೆ ಓದಿ. ಜನ ಏನು ಕೇಳುತ್ತಾರೆ, ಯಾವುದರಿಂದ ಸಿಟ್ಟಾಗುತ್ತಾರೆ, ಅಡ್ಮಿನ್ ಹಾಕಿದ ನಿಯಮವೇನು ಎಂದು ತಿಳಿದುಕೊಳ್ಳಿ. ಕೆಲವು ಗುಂಪುಗಳಲ್ಲಿ ಮಾರಾಟಕ್ಕೆಂದೇ ವಾರದಲ್ಲಿ ಒಂದು ದಿನ ಇಟ್ಟಿರುತ್ತಾರೆ. ಆ ದಿನವನ್ನು ಮಾತ್ರ ಉಪಯೋಗಿಸಿ.

3. ನಿಮಗೆ ಖಂಡಿತ ಗೊತ್ತಿರುವ ಪ್ರಶ್ನೆಗೆ ಉತ್ತರ ಕೊಡಿ. ಹಪ್ಪಳಕ್ಕೆ ಹುಳ ಬೀಳುವುದು ಯಾಕೆ, ಜೇನು ಗಟ್ಟಿಯಾದರೆ ಕೆಟ್ಟಿದೆಯೇ ಎಂಬಂತಹ ಪ್ರಶ್ನೆಗಳು ಪದೇಪದೇ ಬರುತ್ತವೆ. ಜೇನು ಹರಳುಗಟ್ಟುವುದು ಸಹಜ ಗುಣ, ಬಿಸಿನೀರಿನಲ್ಲಿ ಪಾತ್ರೆಯನ್ನಿಟ್ಟರೆ ಕರಗುತ್ತದೆ ಎಂದು ಎರಡು ಸಾಲಿನಲ್ಲಿ ಹೇಳಿ. ಅಲ್ಲಿ ನಿಮ್ಮ ಜೇನಿನ ಕ್ರಯ ಬರೆಯಬೇಡಿ.

4. ನಿಮ್ಮ ಹೆಸರು, ಊರು, ಏನು ಬೆಳೆಯುತ್ತೀರಿ ಎಂಬುದು ನಿಮ್ಮ ಪರಿಚಯದಲ್ಲಿ ಇರಲಿ. ಉತ್ತರ ಮೆಚ್ಚಿದವರು ಅದನ್ನು ತೆರೆದು ನೋಡುತ್ತಾರೆ. ವಾಟ್ಸಾಪ್ ಬಿಸಿನೆಸ್ ಎಂಬ ಬೇರೆ ಆ್ಯಪ್ ಉಚಿತವಾಗಿ ಸಿಗುತ್ತದೆ. ಭಾರತದಲ್ಲಿ ಅದು 2018ರಿಂದ ಇದೆ. ಅದರಲ್ಲಿ ವಸ್ತುಗಳ ಫೋಟೋ, ಕ್ರಯ ಎಲ್ಲವನ್ನೂ ಒಂದು ಕಡೆ ಜೋಡಿಸಿಡಬಹುದು. ಕೇಳಿದವರಿಗೆ ಮಾತ್ರ ಅದನ್ನು ಕಳುಹಿಸಿ.

5. ಗುಂಪಿನ ಸದಸ್ಯರ ನಂಬರುಗಳನ್ನು ತೆಗೆದು ಒಬ್ಬೊಬ್ಬರಿಗೇ ಜಾಹೀರಾತು ಕಳುಹಿಸಬಾರದು. ಅದು ಕೇಳದೆ ಮನೆಯೊಳಗೆ ಕಾಲಿಟ್ಟ ಹಾಗೆ.

6. ಬೇರೆ ಹೆಸರಿನಲ್ಲಿ ನೀವೇ ಬಂದು, ಅಥವಾ ನೆಂಟರಿಂದ ಹೇಳಿಸಿ, “ಇವರ ಹಪ್ಪಳ ತುಂಬಾ ಒಳ್ಳೆಯದು” ಎಂದು ಬರೆಸಬೇಡಿ. ಇಂತಹದ್ದು ಬೇಗ ಬಯಲಾಗುತ್ತದೆ. ಒಮ್ಮೆ ಬಯಲಾದರೆ ನಿಜವಾದ ಹೊಗಳಿಕೆಯನ್ನೂ ಯಾರೂ ನಂಬುವುದಿಲ್ಲ.

7. ಯಾರಾದರೂ ದೂರು ಹೇಳಿದರೆ ಗುಂಪಿನಲ್ಲಿಯೇ ವಿನಯದಿಂದ ಉತ್ತರಿಸಿ. ತಪ್ಪಾಗಿದ್ದರೆ ಒಪ್ಪಿ, ಬದಲಿ ವಸ್ತುವನ್ನೋ ಹಣವನ್ನೋ ಕೊಡಿ. ನೂರು ಜನ ನೋಡುತ್ತಿರುವಾಗ ಒಪ್ಪಿಕೊಂಡ ಒಂದು ತಪ್ಪು ಹತ್ತು ಜಾಹೀರಾತುಗಳಿಗಿಂತ ಮೇಲು.

ಆಹಾರವನ್ನು ಔಷಧಿ ಎಂದು ಮಾರಬಾರದು

ಈ ಲೇಖನದ ಮುಖ್ಯ ಮಾತು ಇದು. ಗುಂಪುಗಳಲ್ಲಿ ಬೇಗ ಹರಡುವ ಸಂದೇಶಗಳೆಂದರೆ “ಇದನ್ನು ತಿಂದರೆ ಸಕ್ಕರೆ ಕಾಯಿಲೆ ಮಾಯ”, “ಇದನ್ನು ಕುಡಿದರೆ ಕ್ಯಾನ್ಸರ್ ಗುಣ” ಎಂಬಂತಹವು. ಮಾರಾಟ ಹೆಚ್ಚಿಸುವ ಆಸೆಯಿಂದ ನಮ್ಮವರೂ ಇಂತಹ ಸಾಲುಗಳನ್ನು ತಮ್ಮ ಉತ್ಪನ್ನದ ಜೊತೆ ಸೇರಿಸುತ್ತಾರೆ. ಇದರಿಂದ ಆಗುವ ಅಪಾಯ ಸಣ್ಣದಲ್ಲ.

ಬಾಳೆಕಾಯಿ ಹುಡಿಯನ್ನೇ ತೆಗೆದುಕೊಳ್ಳಿ. ಹಣ್ಣಾಗದ ಬಾಳೆಯ ಪಿಷ್ಟದಲ್ಲಿ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗುತ್ತದೆ. ಅದು ನಾರಿನ ಹಾಗೆ ಕೆಲಸ ಮಾಡುತ್ತದೆ. ಇದು ಸತ್ಯ. ಆದರೆ ಉಳಿದ ಪಿಷ್ಟ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ಬೇಯಿಸಿದಾಗ ಜೀರ್ಣವಾಗದ ಭಾಗವೂ ಕಡಿಮೆಯಾಗುತ್ತದೆ. ಆದುದರಿಂದ ಅದು ಒಳ್ಳೆಯ ಆಹಾರ, ಮಧುಮೇಹದ ಔಷಧಿಯಲ್ಲ. ಹುಡಿಯನ್ನು ನಂಬಿ ಒಬ್ಬರು ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಿದರೆ ಅವರ ಜೀವಕ್ಕೇ ಅಪಾಯ. ಬಾಳೆಯಲ್ಲಿ ಪೊಟ್ಯಾಸಿಯಂ ಅಂಶ ಹೆಚ್ಚು. ಮೂತ್ರಪಿಂಡದ ಕಾಯಿಲೆಯವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಉಪಯೋಗಿಸಬಾರದು. ಮಾರುವವರಿಗೆ ಇದು ಗೊತ್ತಿರಬೇಕು.

ಗೋಧಿಯ ಅಂಶ ಸೇರದವರಿಗೆ ಬಾಳೆಕಾಯಿ ಹುಡಿ ಅನುಕೂಲ ಎನ್ನುತ್ತಾರೆ. ಬಾಳೆಯಲ್ಲಿ ಗ್ಲುಟನ್ ಇಲ್ಲವೆಂಬುದು ನಿಜ. ಆದರೆ ಗೋಧಿ ಬೀಸುವ ಮಿಲ್ಲಿನಲ್ಲಿಯೇ ನಮ್ಮ ಹುಡಿಯನ್ನೂ ಮಾಡಿಸಿದರೆ ಅದರಲ್ಲಿ ಗೋಧಿ ಬೆರೆಯುತ್ತದೆ. ಆಗ ‘ಗ್ಲುಟನ್ ಇಲ್ಲ’ ಎಂದು ಬರೆಯಬಾರದು.

ಇನ್ನೊಂದು ಸಂದರ್ಭ. ಗುಂಪಿನಲ್ಲಿ ಒಬ್ಬ ತಾಯಿ, “ನನ್ನ ಮಗುವಿಗೆ ನಾಲ್ಕು ತಿಂಗಳು, ಬಾಳೆಕಾಯಿ ಹುಡಿ ಕಾಯಿಸಿ ಕೊಡಬಹುದೇ?” ಎಂದು ಕೇಳಿದಳು ಎಂದಿಟ್ಟುಕೊಳ್ಳಿ. “ಖಂಡಿತ ಕೊಡಬಹುದು, ನನ್ನಲ್ಲಿ ಇದೆ” ಎಂದರೆ ಒಂದು ಪೊಟ್ಟಣ ಮಾರಾಟವಾಗಬಹುದು. ಆದರೆ ಸರಿಯಾದ ಉತ್ತರ ಬೇರೆ. ಆರು ತಿಂಗಳು ತುಂಬುವವರೆಗೆ ಮಗುವಿಗೆ ತಾಯಿಯ ಹಾಲು ಮಾತ್ರ ಸಾಕು, ನೀರು ಕೂಡ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. “ಈಗ ಬೇಡಮ್ಮ. ಆರು ತಿಂಗಳಾದ ಮೇಲೆ ವೈದ್ಯರನ್ನು ಕೇಳಿ ಶುರು ಮಾಡಿ” ಎಂದು ಬರೆದವಳಿಗೆ ಆ ದಿನ ಒಂದು ಪೊಟ್ಟಣದ ಮಾರಾಟ ತಪ್ಪಿತು. ಆದರೆ ಆ ಗುಂಪಿನ ಎಲ್ಲ ತಾಯಂದಿರೂ ಆ ಉತ್ತರವನ್ನು ಓದಿದ್ದಾರೆ.

ಜೇನಿನ ವಿಷಯದಲ್ಲಿ ಇದಕ್ಕಿಂತಲೂ ಎಚ್ಚರ ಬೇಕು. ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಹಚ್ಚುವ ಪದ್ಧತಿ ನಮ್ಮಲ್ಲಿ ಹಲವು ಮನೆಗಳಲ್ಲಿ ಇದೆ. ಶುದ್ಧ ಜೇನಿನಲ್ಲಿಯೂ ಬೊಟುಲಿಸಂ ಎಂಬ ರೋಗದ ಬೀಜಾಣುಗಳು ಇರಬಹುದು. ದೊಡ್ಡವರಿಗೆ ಅದರಿಂದ ತೊಂದರೆಯಿಲ್ಲ. ಎಳೆಯ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷವನ್ನುಂಟುಮಾಡಿ, ಸ್ನಾಯುಗಳ ಬಲವನ್ನೂ ಉಸಿರಾಟವನ್ನೂ ಕುಗ್ಗಿಸಬಹುದು. ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು. ಜೇನು ಮಾರುವ ಪ್ರತಿಯೊಬ್ಬರೂ ಈ ಒಂದು ಸಾಲನ್ನು ಬಾಟಲಿಯ ಮೇಲೆ ಬರೆದರೆ ದೊಡ್ಡ ಉಪಕಾರವಾದೀತು.

ಕಾನೂನು ಏನು ಹೇಳುತ್ತದೆ?

ತೋಟದಲ್ಲಿ ಬೆಳೆದ ಬಾಳೆಗೊನೆಯನ್ನು ಹಾಗೆಯೇ ಮಾರುವ ಕೃಷಿಕನಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಅದನ್ನು ಹುಡಿ, ಚಿಪ್ಸ್, ಹಪ್ಪಳ ಮಾಡಿ ಮಾರಿದರೆ ನಾವು ಆಹಾರ ತಯಾರಕರಾಗುತ್ತೇವೆ. ಆಗ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಮನೆಯಲ್ಲಿ ಮಾಡುವ ಸಣ್ಣ ತಯಾರಕರಿಗೂ ಇದು ಅಗತ್ಯ. ಫೋಟೋ ಮತ್ತು ಗುರುತಿನ ಚೀಟಿಯೊಂದಿಗೆ ನಮ್ಮ ಅಕ್ಷಯ ಕೇಂದ್ರಗಳ ಮೂಲಕ ಅರ್ಜಿ ಹಾಕಬಹುದು. ಸಿಗುವ 14 ಅಂಕೆಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ಜೊತೆಗೆ ತಯಾರಕರ ಹೆಸರು, ವಿಳಾಸ, ಒಳಗೆ ಏನೇನಿದೆ, ತೂಕ, ಕ್ರಯ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಉಪಯೋಗಿಸಬೇಕು ಎಂಬ ವಿವರ ಇರಬೇಕು. ಗುಂಪಿನಲ್ಲಿ ಹಾಕುವ ಫೋಟೋದಲ್ಲಿ ಈ ಚೀಟಿ ಸ್ಪಷ್ಟವಾಗಿ ಕಾಣುವ ಹಾಗಿದ್ದರೆ ಅರ್ಧ ನಂಬಿಕೆ ಅಲ್ಲಿಯೇ ಬರುತ್ತದೆ.

ಆಹಾರದ ಬಗ್ಗೆ ಸುಳ್ಳು ಜಾಹೀರಾತು ಕೊಟ್ಟರೆ ಇದೇ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಮಧುಮೇಹ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಮೊಬೈಲಿನ ಸಂದೇಶವೂ ಜಾಹೀರಾತೇ. “ಯಾರೋ ಕಳುಹಿಸಿದ್ದು, ನಾನು ಮುಂದೆ ಕಳುಹಿಸಿದೆ ಅಷ್ಟೆ” ಎಂಬುದು ನಮ್ಮ ವಸ್ತುವಿನ ಜೊತೆ ಬಂದಾಗ ಒಪ್ಪತಕ್ಕ ಮಾತಲ್ಲ.

ಹಣದ ವಿಷಯದಲ್ಲಿ ಎಚ್ಚರಿಕೆ

ಗುಂಪಿನಲ್ಲಿ ನಂಬರು ಹಾಕಿದ ಮೇಲೆ ಒಳ್ಳೆಯವರ ಜೊತೆ ಮೋಸಗಾರರೂ ಬರುತ್ತಾರೆ. ಸಾಮಾನ್ಯವಾದ ಒಂದು ಮೋಸ ಹೀಗಿದೆ. ಸೇನೆಯ ಅಧಿಕಾರಿ ಎಂದು ಹೇಳಿಕೊಂಡು ಒಬ್ಬ ದೊಡ್ಡ ಆರ್ಡರ್ ಕೊಡುತ್ತಾನೆ. ಕ್ರಯದ ಬಗ್ಗೆ ಏನೂ ಮಾತನಾಡುವುದಿಲ್ಲ. “ಮುಂಗಡ ಹಣ ಕಳುಹಿಸುತ್ತೇನೆ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎನ್ನುತ್ತಾನೆ. ಒತ್ತಿದರೆ ಹಣ ಬರುವ ಬದಲು ಹೋಗುತ್ತದೆ. ಒಂದು ಮಾತು ನೆನಪಿಡಿ. ಹಣ ಪಡೆಯಲು ಪಿನ್ ಬೇಡ, ಕೊಡಲು ಮಾತ್ರ ಪಿನ್ ಬೇಕು. ಹಣ ಬಂತೆಂಬ ಸಂದೇಶವನ್ನೋ ಫೋಟೋವನ್ನೋ ನಂಬದೆ ಬ್ಯಾಂಕಿನ ಖಾತೆಯನ್ನೇ ನೋಡಿ ವಸ್ತು ಕಳುಹಿಸಿ. ಮೋಸವಾದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಕ್ರಯ ಇಡುವಾಗ ಕಾಯಿಯ ಬೆಲೆ, ಕಟ್ಟಿಗೆ ಅಥವಾ ಕರೆಂಟು, ಪೊಟ್ಟಣ, ಅಂಚೆ ಖರ್ಚಿನ ಜೊತೆಗೆ ಮನೆಯವರ ಕೂಲಿಯನ್ನೂ ಸೇರಿಸಿ. ಹೆಂಡತಿ ಮಕ್ಕಳ ದುಡಿಮೆ ಧರ್ಮಕ್ಕೆ ಬಂದದ್ದೆಂದು ಲೆಕ್ಕ ಹಾಕಿದರೆ ಲಾಭ ಕಂಡ ಹಾಗೆ ಕಾಣುತ್ತದೆ, ನಿಜವಾಗಿ ಇರುವುದಿಲ್ಲ.

ಸಣ್ಣದಾಗಿ ಆರಂಭಿಸಿ

ಮಳೆಗಾಲದಲ್ಲಿ ಬಿಸಿಲು ನಂಬಿ ಹುಡಿ ಮಾಡಲು ಹೊರಡಬೇಡಿ. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಬರುತ್ತದೆ. ಬೂಷ್ಟು ಬಂದದ್ದನ್ನು ಪುನಃ ಒಣಗಿಸಿ ಮಾರುವುದು ಸಲ್ಲದು. ಡ್ರಯರ್ ಕೊಳ್ಳುವ ಮೊದಲು ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಕೇಳಿ. ಮೊದಲು ಐದು ಕಿಲೋ ಮಾಡಿ, ಮನೆಯಲ್ಲಿ ತಿಂದು ನೋಡಿ, ನೆರೆಯವರಿಗೆ ಕೊಟ್ಟು ಅಭಿಪ್ರಾಯ ಕೇಳಿ. ಅನಂತರ ಗುಂಪಿನಲ್ಲಿ ಮಾತನಾಡಿ. ಕೊಡಲಾಗದಷ್ಟು ಆರ್ಡರ್ ಒಪ್ಪಿಕೊಂಡು ಕೊನೆಗೆ ಬೇರೆಯವರ ಹುಡಿ ತಂದು ನಮ್ಮ ಚೀಟಿ ಅಂಟಿಸುವುದಕ್ಕಿಂತ, “ಈ ತಿಂಗಳು ಮುಗಿದಿದೆ, ಮುಂದಿನ ತಿಂಗಳು ಕೊಡುತ್ತೇನೆ” ಎನ್ನುವುದು ಲೇಸು. ಕಾದು ತೆಗೆದುಕೊಳ್ಳುವ ಗಿರಾಕಿ ನಿಜವಾದ ಗಿರಾಕಿ.

ಹೀಗೆ ಮಾಡಿದರೆ ಒಂದೇ ತಿಂಗಳಲ್ಲಿ ಶ್ರೀಮಂತರಾಗುವುದಿಲ್ಲ. ಆದರೆ ಕ್ರಯ ಬಿದ್ದ ವರ್ಷ ಗೊನೆಯನ್ನು ಗೊಬ್ಬರದ ಗುಂಡಿಗೆ ಹಾಕುವ ಬದಲು, ನಮ್ಮ ಹೆಸರು ಗೊತ್ತಿರುವ ಐವತ್ತು ಮನೆಗಳು ಹುಡಿ ಯಾವಾಗ ಸಿಗುತ್ತದೆಂದು ಕೇಳುವಂತಾಗಬಹುದು. ಸಣ್ಣ ತೋಟದ ಕುಟುಂಬಕ್ಕೆ ಅದು ದೊಡ್ಡ ಆಸರೆ.